ಸಾರಥಿಯ ಪೀಠದಡಿಯ ಇಂಧನ

ಎತ್ತಿನ ಗಾಡಿಯ ಕಾಲದಲ್ಲಿ ಸರಕು ಸಾಗಿಸುವವನಿಗೆ ತನ್ನ ಗಾಡಿಯನ್ನೆಳೆಯುವ ಶಕ್ತಿಯ ಆಹಾರವನ್ನು ಕುರಿತು ಯಾವ ಭಯವೂ ಇರಲಿಲ್ಲ. ಗಾಡಿಯ ಹಿಂದೆ ಬಿಗಿದ ಹುಲ್ಲಿನ ಹೊರೆ, ಪಕ್ಕದಲ್ಲಿ ತೂಗುವ ಹಿಂಡಿಯ ಚೀಲ, ಇವೇ ಆ ಪ್ರಯಾಣದ ಇಂಧನವಾಗಿದ್ದುವು. ರಾತ್ರಿ ದಾರಿಬದಿಯ ಮಂಟಪದಲ್ಲಿ ಗಾಡಿ ಬಿಟ್ಟಾಗ ಅದೇ ಹುಲ್ಲನ್ನು ಹಾಸಿಕೊಂಡು ಗಾಡಿಯವನು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದನು. ಮೋಟಾರು ಲಾರಿ ಬಂದ ಮೇಲೆ ಈ ನಿಶ್ಚಿಂತೆ ಹೋಯಿತು. ಸಾಧಾರಣ ಹವೆಯಲ್ಲಿಯೇ ಆವಿಯಾಗಿ ಹರಡುವ, ಒಂದು ಕಿಡಿಗೆ ಭುಗಿಲೆಂದು ಏಳುವ, ಉಸಿರಿನೊಡನೆ ಒಳಹೊಕ್ಕರೆ ತಲೆ ತಿರುಗಿಸುವ ದ್ರವವೊಂದು ದುಡಿಯುವವನ ಆಸನಕ್ಕೆ ಅತಿ ಸಮೀಪದ ನೆರೆಯಾಗಿ ಬಂದು ನೆಲಸಿತು. ಅಂದಿನಿಂದ ಇಂದಿನವರೆಗೆ ಲಾರಿಯ ಕ್ಯಾಬಿನ್ನಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ದ್ರವವನ್ನು ಮನುಷ್ಯನಿಂದ ಎಷ್ಟು ದೂರದಲ್ಲಿ, ಎಂಥ ಗೋಡೆಯ ಆಚೆಗೆ ಇರಿಸಬೇಕೆಂಬ ಪ್ರಶ್ನೆಯ ಚರಿತ್ರೆ. ಆ ಪ್ರಶ್ನೆಗೆ ಎಂಜಿನಿಯರರೂ ಶಾಸನಕರ್ತರೂ ಉತ್ತರ ಬರೆಯುವುದಕ್ಕೆ ಬಹಳ ಮುಂಚೆಯೇ ಅಪಾಯದ ಇರವನ್ನು ಅರಿತದ್ದು ಡ್ರೈವರನ ಮೂಗು.

1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬ ಧೀರ ಮಹಿಳೆ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಗಾಲಿಯ ಮೋಟಾರಿನಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ಸುಮಾರು 100 ಕಿಲೋಮೀಟರುಗಳ ಪ್ರಯಾಣವನ್ನು ಕೈಕೊಂಡಳು. ಆಗ ಪೆಟ್ರೋಲ್ ಬಂಕುಗಳೆಂಬುವು ಎಲ್ಲಿಯವು? ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯುವುದಕ್ಕಾಗಿ ಮಾರುತ್ತಿದ್ದ ಲಿಗ್ರೋಯಿನ್ ಎಂಬ ತೈಲವನ್ನು ಕೊಂಡು ಆಕೆ ಮೋಟಾರಿಗೆ ತುಂಬಬೇಕಾಯಿತು. ಇಂಧನದ ಕೊಳವೆಯಲ್ಲಿ ಕಸ ಕಟ್ಟಿ ಮೋಟಾರು ನಿಂತಾಗ ತಲೆಯ ಟೋಪಿಯ ಸೂಜಿಯನ್ನೇ ಕಿತ್ತು ಅದನ್ನು ಬಿಡಿಸಬೇಕಾಯಿತು. ಮುಂದೆ 1896ರಲ್ಲಿ ಗಾಟ್‌ಲೀಬ್ ಡೈಮ್ಲರ್ ಲೋಕದ ಮೊದಲ ಮೋಟಾರು ಲಾರಿಯನ್ನು ಕಟ್ಟಿದಾಗ, ಅದು ಕುದುರೆ ಬಿಚ್ಚಿದ ಸರಕಿನ ಬಂಡಿಯೇ ಆಗಿತ್ತು: ನಾಲ್ಕು ಅಶ್ವಶಕ್ತಿಯ ಎಂಜಿನ್ನು ಹಿಂಭಾಗದಲ್ಲಿ, ಒಂದೂವರೆ ಟನ್ನಿನ ಹೊರೆ ನಡುವೆ, ಡ್ರೈವರನು ಮುಂದೆ, ಮೇಲೆ ಚಾವಣಿಯಿಲ್ಲದೆ, ಪಕ್ಕಕ್ಕೆ ಬಾಗಿಲಿಲ್ಲದೆ, ಬಯಲ ಗಾಳಿಯಲ್ಲಿ. ಮಳೆ ಬಿಸಿಲುಗಳಿಗೆ ಅವನು ಪೂರ್ತಿಯಾಗಿ ಈಡಾಗಿದ್ದನೆಂಬುದು ದಿಟ. ಆದರೆ ಇಂಧನದ ಆವಿ ಎಲ್ಲಿ ಸೋರಿದರೂ ಅದು ನಿಲ್ಲುವುದಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಕ್ಯಾಬಿನ್ನೇ ಇಲ್ಲದ ಲಾರಿಯಲ್ಲಿ ಕ್ಯಾಬಿನ್ನಿನ ವಾಸನೆಯೆಂಬುದು ಹುಟ್ಟುವ ಬಗೆಯಾದರೂ ಹೇಗೆ?

ಹೆನ್ರಿ ಫೋರ್ಡನ ಟಿ ಮಾದರಿಯ ಕಾರೂ, 1917ರಲ್ಲಿ ಅದರಿಂದ ಹುಟ್ಟಿದ ಟಿಟಿ ಎಂಬ ಲಾರಿಯೂ ಇಂಧನವನ್ನು ಮನುಷ್ಯನ ಸಾಮೀಪ್ಯಕ್ಕೆ ಎಷ್ಟರಮಟ್ಟಿಗೆ ತಂದುವೆಂದರೆ, ಪೆಟ್ರೋಲಿನ ಟ್ಯಾಂಕನ್ನು ನೇರವಾಗಿ ಮುಂದಿನ ಆಸನದ ಅಡಿಯಲ್ಲಿಯೇ ಇರಿಸಿದ್ದರು. ಇದಕ್ಕೆ ಕಾರಣ ಅಜಾಗರೂಕತೆಯೇನೂ ಅಲ್ಲ. ಇಂಧನವನ್ನು ಎಂಜಿನ್ನಿಗೆ ಎತ್ತಿಕೊಡುವ ಪಂಪು ಅದರಲ್ಲಿರಲಿಲ್ಲವಾದ್ದರಿಂದ, ಪೆಟ್ರೋಲು ತನ್ನ ಭಾರದಿಂದಲೇ ಇಳಿದು ಹೋಗುವಂತೆ ಟ್ಯಾಂಕು ಎಂಜಿನ್ನಿಗೆ ಇಂಧನ ಸೇರುವ ಬಾಯಿಗಿಂತ ಎತ್ತರದಲ್ಲಿರಬೇಕಾಗಿತ್ತು. ಎತ್ತರದ ಸ್ಥಾನವೋ ಡ್ರೈವರನ ಸ್ಥಾನವೇ ಆಗಿತ್ತು. ಟ್ಯಾಂಕಿನಲ್ಲಿ ಪೆಟ್ರೋಲು ಕಡಮೆಯಿದ್ದಾಗ ಕಡಿದಾದ ದಿಬ್ಬವನ್ನು ಹತ್ತಬೇಕಾದರೆ ಇಂಧನ ಮುಂದಕ್ಕೆ ಹರಿಯದೆ ಎಂಜಿನ್ನು ನಿಂತುಹೋಗುತ್ತಿದ್ದುದರಿಂದ, ಅನುಭವಸ್ಥರು ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿ ದಿಬ್ಬವೇರುತ್ತಿದ್ದರು. ಪೆಟ್ರೋಲು ತುಂಬುವಾಗ ಕುಳಿತವರು ಎದ್ದು ಇಳಿಯಬೇಕು, ಆಸನದ ಮೆತ್ತೆಯನ್ನೆತ್ತಬೇಕು, ಮುಚ್ಚಳ ತೆರೆದು ಸುರಿಯಬೇಕು. ಸುರಿಯುವಾಗ ತುಳುಕಿದ್ದೆಲ್ಲವೂ ಅವರು ಮತ್ತೆ ಕುಳಿತುಕೊಳ್ಳಬೇಕಾದ ಜಾಗದಲ್ಲಿಯೇ ಇಂಗುತ್ತಿತ್ತು. 1927ರ ಕೊನೆಯಲ್ಲಿ ಬಂದ ಎ ಮಾದರಿಯಲ್ಲಿ ಟ್ಯಾಂಕು ಆಸನದಡಿಯನ್ನು ಬಿಟ್ಟು ಡ್ರೈವರನ ಮೊಣಕಾಲ ಮುಂದೆ, ಎಂಜಿನ್ನಿಗೂ ಅವನಿಗೂ ನಡುವಣ ಗೋಡೆಯ ಮೇಲ್ಭಾಗಕ್ಕೆ ಏರಿತು. ಸ್ಥಳ ಬದಲಾಯಿತು, ಸಾಮೀಪ್ಯ ಬದಲಾಗಲಿಲ್ಲ.

ಇದೇ ಕಾಲದಲ್ಲಿ ಲಾರಿಯ ರೂಪದಲ್ಲಿ ಇನ್ನೊಂದು ಮಾರ್ಪಾಡು ನಡೆಯುತ್ತಿತ್ತು. ದುಡಿಯುವವನ ಮೇಲಣ ಕರುಣೆಯಿಂದಲೋ ದೂರಪ್ರಯಾಣದ ಅಗತ್ಯದಿಂದಲೋ ಡ್ರೈವರನ ಆಸನಕ್ಕೆ ಮೊದಲು ಚಾವಣಿ, ಬಳಿಕ ಹಿಂಗೋಡೆ, ಆಮೇಲೆ ಬಾಗಿಲು, ಕೊನೆಗೆ ಗಾಜು, ಹೀಗೆ ಒಂದೊಂದಾಗಿ ಕೂಡಿ ಅದು ಮುಚ್ಚಿದ ಕೋಣೆಯಾಯಿತು. ಮಳೆಯನ್ನು ಹೊರಗಿಟ್ಟ ಅದೇ ಗೋಡೆಗಳು ಆವಿಯನ್ನು ಒಳಗಿಟ್ಟುವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದಾಗಿ, ಮೇಲೇರಿ ಹೋಗದೆ ಕಾಲಿನ ಬಳಿ ನಿಲ್ಲುವ ಸ್ವಭಾವವುಳ್ಳದ್ದು. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಒಂದೂವರೆಯಷ್ಟನ್ನು ಮುಟ್ಟುವ ಹೊತ್ತಿಗೇ ಹೊತ್ತಿಕೊಳ್ಳಲು ಸಿದ್ಧವಾಗಿರುತ್ತದೆ. ಆದರೆ ಮನುಷ್ಯನ ಘ್ರಾಣೇಂದ್ರಿಯವು ಅದರ ಸಹಸ್ರಾಂಶಕ್ಕಿಂತಲೂ ಕಡಮೆಯಾದ ಪ್ರಮಾಣವನ್ನು ಗುರುತಿಸಬಲ್ಲುದು. ಆದುದರಿಂದ ವಾಸನೆ ಬಂದೊಡನೆ ಎಚ್ಚೆತ್ತವನಿಗೆ ಅಪಾಯಕ್ಕೂ ತನಗೂ ನಡುವೆ ಸಾಕಷ್ಟು ಕಾಲಾವಕಾಶ ದೊರೆಯುತ್ತಿತ್ತು. ಈ ಅವಕಾಶವನ್ನು ಬಳಸಿಕೊಂಡವರು ಬದುಕಿದರು.

ಪಂಪಿನ ಇತಿಹಾಸವೇ ಟ್ಯಾಂಕಿನ ಸ್ಥಾನದ ಇತಿಹಾಸವೆನ್ನಬಹುದು. ಎಂಜಿನ್ನು ಉಸಿರೆಳೆಯುವಾಗ ಉಂಟಾಗುವ ನಿರ್ವಾತದ ಬಲದಿಂದ ಕೆಳಗಿನ ಟ್ಯಾಂಕಿನ ಪೆಟ್ರೋಲನ್ನು ಮೇಲಕ್ಕೆಳೆಯುವ ಸಲಕರಣೆ ಮೊದಲು ಬಂದಿತು. ಬ್ರಿಟಿಷ್ ಲಾರಿಗಳಲ್ಲಿ ಆಟೋವ್ಯಾಕ್ ಎಂಬ ಹೆಸರಿನ ಈ ಪಾತ್ರೆ ಎಂಜಿನ್ನಿನ ಹಿಂಗೋಡೆಗೆ ಅಂಟಿಕೊಂಡಿರುತ್ತಿತ್ತು. 1920ರ ದಶಕದ ಕೊನೆಯ ವೇಳೆಗೆ ಎಂಜಿನ್ನೇ ನಡೆಸುವ ಪಂಪು ಬಳಕೆಗೆ ಬಂದಮೇಲೆ ಟ್ಯಾಂಕನ್ನು ಚಾಸಿಯ ಯಾವ ಭಾಗದಲ್ಲಾದರೂ ತೂಗಹಾಕುವ ಸ್ವಾತಂತ್ರ್ಯ ದೊರೆಯಿತು. ಭಾರಿ ಲಾರಿಗಳು ಈ ಸ್ವಾತಂತ್ರ್ಯವನ್ನು ಬಳಸಿಕೊಂಡುವು. ಅಮೆರಿಕದ ಪಿಕಪ್ಪುಗಳು ಮಾತ್ರ ವಿರುದ್ಧ ದಿಕ್ಕಿನಲ್ಲಿ ನಡೆದುದು ಆಶ್ಚರ್ಯದ ಸಂಗತಿ: 1949ರಲ್ಲಿ ಷೆವರ್ಲೆ ಪಿಕಪ್ಪಿನ ಟ್ಯಾಂಕು ಕ್ಯಾಬಿನ್ನಿನ ಒಳಗೆ, ಡ್ರೈವರನ ಬೆನ್ನಿನ ಹಿಂದಕ್ಕೆ ಬಂದು ನಿಂತು, 1972ರವರೆಗೆ ಅಲ್ಲಿಯೇ ಉಳಿಯಿತು, 1960ರ ದಶಕದ ಫೋರ್ಡ್ ಪಿಕಪ್ಪುಗಳಲ್ಲಿಯೂ ಅದೇ ಏರ್ಪಾಡು. ಕೆಸರು, ಕಲ್ಲುಗಳ ಏಟಿನಿಂದ ಟ್ಯಾಂಕಿಗೆ ರಕ್ಷಣೆ ಸಿಕ್ಕಿತು. ಆದರೆ ತುಂಬುವ ಬಾಯಿಗೂ ಟ್ಯಾಂಕಿಗೂ ನಡುವಣ ರಬ್ಬರು ಕೊಳವೆ ವಯಸ್ಸಾಗಿ ಬಿರಿದಾಗ, ಇಲ್ಲವೆ ಇಂಧನದ ಮಟ್ಟ ತೋರಿಸುವ ಸಲಕರಣೆಯ ಅಡಿಯ ಮೆತ್ತೆ ಒಣಗಿ ಕುಗ್ಗಿದಾಗ, ಆವಿಗೆ ಹೋಗುವುದಕ್ಕಿದ್ದ ದಾರಿ ಕ್ಯಾಬಿನ್ನೊಂದೇ ಆಗಿತ್ತು. ಅಂಥ ಹಳೆಯ ಪಿಕಪ್ಪುಗಳನ್ನು ಇಂದಿಗೂ ಪ್ರೀತಿಯಿಂದ ಕಾಪಾಡುವವರು ಮೊದಲು ಪರೀಕ್ಷಿಸುವುದು ಈ ಎರಡು ಎಡೆಗಳನ್ನೇ. 1973ರಲ್ಲಿ ಷೆವರ್ಲೆಯ ಟ್ಯಾಂಕು ಕ್ಯಾಬಿನ್ನಿನಿಂದ ಹೊರಬಿದ್ದು ಚಾಸಿಯ ಪಕ್ಕಕ್ಕೆ ಹೋಯಿತು. ಪಕ್ಕದಿಂದ ಡಿಕ್ಕಿಯಾದಾಗ ಅಲ್ಲಿಯೂ ಬೆಂಕಿಯ ಭಯವುಂಟೆಂಬ ವಿವಾದ ಮುಂದೆ ದೀರ್ಘಕಾಲ ನಡೆಯಿತು. ಇಂಧನದ ಕೋಶ ಅಪಘಾತದಲ್ಲಿ ಸೋರಬಾರದೆಂಬ ನಿಯಮ ಅಮೆರಿಕದಲ್ಲಿ 1968ರ ಜನವರಿ 1ರಿಂದ ಕಾರುಗಳಿಗೂ, ಮುಂದಿನ ದಶಕದಲ್ಲಿ ಹಗುರ ಲಾರಿಗಳಿಗೂ ಅನ್ವಯವಾಯಿತು.

ನಮ್ಮ ಸೀಮೆಯ ಕಥೆ ಇದಕ್ಕಿಂತ ಬೇರೆಯಾದ ಬಡತನದಿಂದಲೂ ಬೇರೆಯಾದ ಜಾಣ್ಮೆಯಿಂದಲೂ ಕೂಡಿದುದು. ಮಂಗಳೂರಿನಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಮೋಟಾರು ಸಂಚಾರವನ್ನಾರಂಭಿಸಿದ ಕಾಲದಲ್ಲಿ ಪೆಟ್ರೋಲು ಡಬ್ಬಿಗಳಲ್ಲಿ ಮಾರಾಟವಾಗುತ್ತಿತ್ತು. ದೂರ ಹೋಗುವ ಗಾಡಿ ತನ್ನ ದಾರಿಯ ಬುತ್ತಿಯಾಗಿ ತುಂಬಿದ ಡಬ್ಬಿಗಳನ್ನು ಜೊತೆಯಲ್ಲಿಯೇ ಹೊರಬೇಕಾಗಿತ್ತು. 1928ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಮುಂಬಯಿಯಲ್ಲಿ ಗಾಡಿಗಳನ್ನು ಜೋಡಿಸತೊಡಗಿದ ಮೇಲೆ ಲಾರಿಗಳ ಸಂಖ್ಯೆ ಬೆಳೆಯಿತಾದರೂ, ಬರುತ್ತಿದ್ದುದು ಬಹುಮಟ್ಟಿಗೆ ಚಾಸಿ ಮಾತ್ರ. ಕ್ಯಾಬಿನ್ನನ್ನು ಕಟ್ಟುವವರು ನಮ್ಮ ಬಡಗಿಗಳು, ಕಮ್ಮಾರರು, ತಗಡಿನ ಕೆಲಸದವರು. ಮರದ ಚೌಕಟ್ಟು, ಅದರ ಮೇಲೆ ತಗಡು, ನೆಲಕ್ಕೆ ಹಲಗೆ, ಆಸನಕ್ಕೆ ತೆಂಗಿನ ನಾರು: ಈ ವಸ್ತುಗಳಲ್ಲಿ ತಗಡನ್ನುಳಿದು ಮಿಕ್ಕುವೆಲ್ಲ ಎಣ್ಣೆಯನ್ನು ಹೀರಿಕೊಳ್ಳುವಂಥವು. 1934ರ ಪೆಟ್ರೋಲಿಯಂ ಕಾನೂನು 76 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಮೆಯ ಶಾಖದಲ್ಲಿ ಹೊತ್ತಿಕೊಳ್ಳುವ ಆವಿಯನ್ನು ಕೊಡುವ ತೈಲವನ್ನು ಅಪಾಯಕರವೆಂದು ವರ್ಗೀಕರಿಸಿತು. ಪೆಟ್ರೋಲಿನ ಆವಿಯೋ ನೀರು ಹೆಪ್ಪುಗಟ್ಟುವ ಚಳಿಗಿಂತ ಎಷ್ಟೋ ಕೆಳಗೆ ಕೂಡ ಹೊತ್ತಿಕೊಳ್ಳಬಲ್ಲುದು. ನಮ್ಮ ಬಿಸಿಲಿನಲ್ಲಿ ನಿಂತ ಲಾರಿಯ ಕ್ಯಾಬಿನ್ನಿನಲ್ಲಿ ಅದು ಎಷ್ಟು ಉಗ್ರವಾಗಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಎರಡನೆಯ ಮಹಾಯುದ್ಧ ಬಂದಿತು. 1942ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾಗಿ ಅಲ್ಲಿಯ ತೈಲಗಣಿಗಳ ಆಸರೆ ತಪ್ಪಿತು. ಪೆಟ್ರೋಲಿಗೆ ರೇಷನ್ನು ಬಿದ್ದಿತು. ಆಗ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಬಸ್ಸು ಲಾರಿಗಳು ಓಡಿದುದು ಇದ್ದಿಲಿನಿಂದ. ಗಾಡಿಯ ಹಿಂಬದಿಗೆ ಎತ್ತರವಾದ ಕಬ್ಬಿಣದ ಒಲೆಯೊಂದನ್ನು ಬಿಗಿದು, ಅದಕ್ಕೆ ಇದ್ದಿಲು ತುಂಬಿ ಉರಿ ಹಚ್ಚಿ, ಕ್ಲೀನರನು ಕೈಯಿಂದ ತಿರುಗಿಸುವ ಗಾಳಿಚಕ್ರದಿಂದ ಅದನ್ನು ಕೆಂಡವಾಗಿಸಿ, ಹುಟ್ಟಿದ ಅನಿಲವನ್ನು ಸೋಸಿ ತಂಪುಮಾಡಿ ಎಂಜಿನ್ನಿಗೆ ಕೊಡಬೇಕು. ಮೊದಲ ಬಸ್ಸು ಹೊರಡುವುದಕ್ಕೆ ಬಹಳ ಹೊತ್ತು ಮುಂಚೆಯೇ ಕ್ಲೀನರನ ದುಡಿಮೆ ಆರಂಭವಾಗುತ್ತಿತ್ತು. ದಿಬ್ಬದಲ್ಲಿ ಎಂಜಿನ್ನಿನ ಕಸುವು ಕುಗ್ಗಿದಾಗ ಪ್ರಯಾಣಿಕರು ಇಳಿದು ನಡೆಯುವುದೂ, ಕೆಲವೊಮ್ಮೆ ತಳ್ಳುವುದೂ ಆ ಕಾಲದವರಿಗೆ ಸಾಮಾನ್ಯ ಅನುಭವವಾಗಿತ್ತು.

ಇದ್ದಿಲಿನ ಅನಿಲದ ಗುಣವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದರಲ್ಲಿ ಸುಮಾರು ಅರ್ಧದಷ್ಟು ನಿರುಪದ್ರವಿಯಾದ ಸಾರಜನಕ. ಉರಿಯುವ ಭಾಗದಲ್ಲಿ ಮುಖ್ಯವಾದುದು ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂಡಬೇಕಾದ ಸ್ಥಾನವನ್ನು ತಾನೇ ಆಕ್ರಮಿಸಿಕೊಂಡು, ತಲೆನೋವು, ಮಂಪರು, ಮೂರ್ಛೆಗಳ ಕ್ರಮದಲ್ಲಿ ಮನುಷ್ಯನನ್ನು ಸಾವಿನ ಕಡೆಗೆ ಒಯ್ಯುವ ಈ ಅನಿಲ ಸೋರಿದರೆ, ಪೆಟ್ರೋಲಿನ ಆವಿಯನ್ನು ಕ್ಷಣದಲ್ಲಿ ಹಿಡಿಯಬಲ್ಲ ಮೂಗು ಏನನ್ನೂ ಅರಿಯದು. ಯುದ್ಧಕಾಲದಲ್ಲಿ ಇಂಥದೇ ಒಲೆಗಳನ್ನು ವ್ಯಾಪಕವಾಗಿ ಬಳಸಿದ ಸ್ವೀಡನ್ ದೇಶದಲ್ಲಿ ಈ ವಿಷಬಾಧೆ ವೈದ್ಯರ ಗಂಭೀರ ಚಿಂತೆಗೆ ವಿಷಯವಾಗಿತ್ತು. ನಾವು ದುರ್ಗಂಧವೆಂದು ಹಳಿಯುವ ಪೆಟ್ರೋಲಿನ ವಾಸನೆ ಎಂತಹ ಉಪಕಾರಿಯೆಂಬುದು ವಾಸನೆಯಿಲ್ಲದ ಇಂಧನದ ಆ ವರ್ಷಗಳನ್ನು ನೆನೆದಾಗ ಮನದಟ್ಟಾಗುತ್ತದೆ.

ಯುದ್ಧಾನಂತರ ನಮ್ಮ ಹೆದ್ದಾರಿಗಳ ಗಂಧವನ್ನೇ ಬದಲಾಯಿಸಿದುದು ಡೀಸೆಲ್. ರುಡಾಲ್ಫ್ ಡೀಸೆಲ್ ಎಂಬ ಮೇಧಾವಿ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಸಿದ್ಧಪಡಿಸಿದ ಎಂಜಿನ್ನು ಆಳೆತ್ತರವನ್ನು ಮೀರಿದ ಸ್ಥಾವರ ಯಂತ್ರವಾಗಿತ್ತು. ಇಂಧನವನ್ನು ಒಳಕ್ಕೆ ಚಿಮ್ಮಿಸುವುದಕ್ಕೆ ಒತ್ತಿದ ಗಾಳಿಯ ಪ್ರತ್ಯೇಕ ಯಂತ್ರವೇ ಬೇಕಾಗಿದ್ದುದರಿಂದ ಅದನ್ನು ಗಾಡಿಗೇರಿಸುವ ಹಾಗಿರಲಿಲ್ಲ. 1923 ಮತ್ತು 1924ರಲ್ಲಿ ಜರ್ಮನಿಯ ಬೆಂಜ್ ಮತ್ತು ಎಂ.ಎ.ಎನ್. ಕಾರ್ಖಾನೆಗಳು ಡೀಸೆಲ್ ಲಾರಿಗಳನ್ನು ಹೊರತಂದುವು. 1927ರಲ್ಲಿ ರಾಬರ್ಟ್ ಬಾಷ್ ಕಂಪನಿ ಇಂಧನವನ್ನು ಅಳೆದು ಚಿಮ್ಮಿಸುವ ಪಂಪನ್ನು ವಿಪುಲವಾಗಿ ತಯಾರಿಸತೊಡಗಿದ ಮೇಲೆ ದಾರಿ ಸುಗಮವಾಯಿತು. ಭಾರತದಲ್ಲಿ 1954ರಲ್ಲಿ ಟಾಟಾ ಸಂಸ್ಥೆ ಡೈಮ್ಲರ್-ಬೆಂಜ್ ಸಹಯೋಗದಿಂದ ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ಕಟ್ಟಲು ಮೊದಲುಮಾಡಿತು. 1955ರಲ್ಲಿ ಮದರಾಸಿನ ಬಳಿಯ ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್ ಎಂಬ ಹೆಸರು ಉದಯಿಸಿತು. ಅಗ್ಗದ ಇಂಧನ, ಹೆಚ್ಚಿನ ಎಳೆತ, ದೀರ್ಘಾಯುಸ್ಸು ಎಂಬ ಮೂರು ಗುಣಗಳಿಂದ ಡೀಸೆಲ್ ಎಂಜಿನ್ನು ಒಂದೆರಡು ದಶಕಗಳಲ್ಲಿ ಪೆಟ್ರೋಲ್ ಲಾರಿಯನ್ನು ರಸ್ತೆಯಿಂದ ಹೆಚ್ಚುಕಡಮೆ ಸರಿಸಿಬಿಟ್ಟಿತು.

ಪೆಟ್ರೋಲಿನ ವಾಸನೆಗೂ ಡೀಸೆಲಿನ ವಾಸನೆಗೂ ಇರುವ ಅಂತರ ಅವುಗಳ ಪ್ರಕೃತಿಯಿಂದಲೇ ಬಂದುದು. ಪೆಟ್ರೋಲಿನ ಅಂಶಗಳು ಸುಮಾರು 30ರಿಂದ 200 ಡಿಗ್ರಿ ಸೆಂಟಿಗ್ರೇಡಿನೊಳಗೆ ಕುದಿಯುವಂಥ ಹಗುರಾದವು. ಬೇಗ ಹಾರಿಹೋಗುತ್ತವೆ, ಹೋಗುವಾಗ ಬೆಂಕಿಯ ಭಯವನ್ನು ಒಡ್ಡುತ್ತವೆ. ಡೀಸೆಲಿನ ಅಂಶಗಳು ಬಹುಮಟ್ಟಿಗೆ 180ರಿಂದ 360 ಡಿಗ್ರಿಗಳವರೆಗಿನ ಭಾರವಾದವು. ಬೆಂಕಿಯ ಭಯ ಕಡಮೆ, ಆದರೆ ಹಲಗೆಯ ಸಂದಿನಲ್ಲಿ, ಆಸನದ ನಾರಿನಲ್ಲಿ, ಡ್ರೈವರನ ಹಾಸಿಗೆಯ ಹತ್ತಿಯಲ್ಲಿ ಒಮ್ಮೆ ಇಂಗಿದುವೆಂದರೆ ವಾರಗಟ್ಟಲೆ ಅಲ್ಲಿಯೇ ಉಳಿದು, ಬಿಸಿಲೇರಿದಾಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ಆವಿಯನ್ನು ಬಿಡುತ್ತಿರುತ್ತವೆ. ಅದರಲ್ಲಿದ್ದ ಗಂಧಕದ ಅಂಶಗಳು ಆ ವಾಸನೆಗೆ ತೀಕ್ಷ್ಣತೆಯನ್ನು ಕೂಡಿಸುತ್ತಿದ್ದುವು. ನಾಮಕ್ಕಲ್ಲಿನಲ್ಲಿಯೋ ಬೆಂಗಳೂರಿನಲ್ಲಿಯೋ ಬಾಡಿ ಕಟ್ಟಿಸಿಕೊಂಡ ಆ ಲಾರಿಗಳಲ್ಲಿ ಎಂಜಿನ್ನಿನ ಒಂದು ಭಾಗ ಕ್ಯಾಬಿನ್ನಿನೊಳಗೇ ಡ್ರೈವರನ ಪಕ್ಕದಲ್ಲಿ ತಗಡಿನ ಮುಚ್ಚಿಗೆಯ ಕೆಳಗೆ ಕುಳಿತಿರುತ್ತಿತ್ತು. ಆ ಮುಚ್ಚಿಗೆಯ ಅಂಚಿನ ರಬ್ಬರು ಹರಿದುದೇ ಆದರೆ ಇಂಧನವನ್ನು ಚಿಮ್ಮಿಸುವ ನಾಜಲಿನ ಬುಡದಲ್ಲಿ ಜಿನುಗಿದ ಡೀಸೆಲು, ಎಂಜಿನ್ನಿನ ಶಾಖದೊಡನೆ ನೇರವಾಗಿ ಕ್ಯಾಬಿನ್ನಿಗೆ ಬರುತ್ತಿತ್ತು. ನಾಜಲಿನಿಂದ ಹೆಚ್ಚಾದ ಇಂಧನವನ್ನು ಟ್ಯಾಂಕಿಗೆ ಹಿಂದಿರುಗಿಸುವ ಸಣ್ಣ ಕೊಳವೆ, ಅದರ ಜೋಡಣೆಯ ತಾಮ್ರದ ವಾಷರು, ಫಿಲ್ಟರಿನ ಬಟ್ಟಲು, ಇವುಗಳಲ್ಲಿ ಯಾವುದೊಂದು ಸಡಿಲವಾದರೂ ಪರಿಣಾಮ ಅದೇ.

ಇನ್ನೊಂದು ದಾರಿಯಿಂದಲೂ ವಾಸನೆ ಒಳಗೆ ಬರುತ್ತಿತ್ತು. ಡೀಸೆಲ್ ಎಂಜಿನ್ನಿನ ಕೊಳವೆಗೆ ಗಾಳಿ ಹೊಕ್ಕರೆ ಅದು ನಿಂತುಬಿಡುತ್ತದೆ. ಆಗ ದಾರಿಯಲ್ಲಿಯೇ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಗಳೆಲ್ಲ ಹೋಗಿ ಶುದ್ಧವಾದ ಧಾರೆ ಬರುವವರೆಗೆ ಡೀಸೆಲನ್ನು ಹೊರಕ್ಕೆ ಬಿಡಬೇಕು. ಏರ್ ತೆಗೆಯುವುದೆಂದು ಡ್ರೈವರರು ಹೇಳುವ ಈ ಕೆಲಸವನ್ನು ಘಾಟಿಯ ತಿರುವಿನಲ್ಲಿ, ಮಳೆಯ ರಾತ್ರಿಯಲ್ಲಿ, ಟಾರ್ಚಿನ ಬೆಳಕಿನಲ್ಲಿ ಮುಗಿಸಿ ಬಂದವನ ಕೈ, ಅಂಗಿ, ಪಾದಗಳೆಲ್ಲ ಡೀಸೆಲಿನಿಂದ ತೊಯ್ದಿರುತ್ತಿದ್ದುವು. ಅವನು ಅದೇ ಕೈಯಿಂದ ಸ್ಟಿಯರಿಂಗ್ ಹಿಡಿದು, ಅದೇ ಅಂಗಿಯಲ್ಲಿ ಆಸನಕ್ಕೊರಗಿ, ಅದೇ ಕ್ಯಾಬಿನ್ನಿನಲ್ಲಿ ಊಟಮಾಡಿ ಮಲಗಬೇಕಾಗಿತ್ತು. ತಿಂಗಳಿನ ಬಹುಭಾಗವನ್ನು ರಸ್ತೆಯ ಮೇಲೆ ಕಳೆಯುವ ಈ ಶ್ರಮಜೀವಿಗೆ ಕ್ಯಾಬಿನ್ನೇ ಮನೆ.

ಇಂತಹ ಜೀವನದೊಳಗಿಂದ ಒಂದು ಪರಿಹಾರಶಾಸ್ತ್ರವೂ ಬೆಳೆದು ಬಂದಿತು. ಅದನ್ನು ಬರೆದಿಟ್ಟವರಿಲ್ಲದಿದ್ದರೂ ಷೆಡ್ಡಿನಿಂದ ಷೆಡ್ಡಿಗೆ, ಡ್ರೈವರನಿಂದ ಕ್ಲೀನರನಿಗೆ ಅದು ಹರಿದುಬಂದಿದೆ. ಟ್ಯಾಂಕು ಕೂದಲೆಳೆಯಷ್ಟು ಬಿರಿದು ಸೋರುತ್ತಿದ್ದರೆ ಬಟ್ಟೆ ಒಗೆಯುವ ಸೋಪನ್ನು ಆ ಬಿರುಕಿಗೆ ಬಲವಾಗಿ ಉಜ್ಜುವುದು ಅತಿ ಪ್ರಾಚೀನವಾದ ಉಪಾಯ. ನೀರಿನಲ್ಲಿ ಕರಗುವ ಸೋಪು ಪೆಟ್ರೋಲು ಡೀಸೆಲುಗಳಲ್ಲಿ ಕರಗದಾದ್ದರಿಂದ, ಮುಂದಿನ ಊರಿನವರೆಗೆ ಆ ಮುದ್ರೆ ನಿಲ್ಲುತ್ತದೆ. ಊರು ಸೇರಿದ ಮೇಲೆ ಟ್ಯಾಂಕನ್ನಿಳಿಸಿ ಬೆಸುಗೆ ಹಾಕಬೇಕು. ತೈಲ ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕು ಹೆಚ್ಚು ಭಯಂಕರವೆಂಬುದು ಒಳ್ಳೆಯ ಮೇಸ್ತ್ರಿ ಬಲ್ಲ ಸತ್ಯ. ಏಕೆಂದರೆ ಬರಿದಾದುದರೊಳಗೆ ಆವಿಯೂ ಗಾಳಿಯೂ ಬೆರೆತು ಸಿಡಿಯಲು ಹೊಂಚುತ್ತಿರುತ್ತವೆ. ಆದಕಾರಣ ಚೆನ್ನಾಗಿ ತೊಳೆದು, ನೀರು ತುಂಬಿಸಿ, ಬೆಸೆಯಬೇಕಾದ ಎಡೆಯನ್ನು ಮಾತ್ರ ನೀರಿನ ಮೇಲಕ್ಕಿರುವಂತೆ ಮಾಡಿಕೊಂಡೇ ಅವನು ಬೆಂಕಿಯನ್ನು ಹತ್ತಿರ ತರುತ್ತಾನೆ. ಈ ಎಚ್ಚರಿಕೆಯನ್ನು ಮರೆತುದರಿಂದ ಜೀವ ಕಳೆದುಕೊಂಡ ಬೆಸುಗೆಗಾರರು ಲೋಕದ ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಕ್ಯಾಬಿನ್ನಿನಲ್ಲಿ ಉಳಿದ ವಾಸನೆಯನ್ನು ಕಳೆಯುವುದಕ್ಕೂ ಒಂದು ಕ್ರಮವಿದೆ. ಚೆಲ್ಲಿದ ದ್ರವದ ಮೇಲೆ ಮೊದಲು ಮರದ ಹೊಟ್ಟನ್ನು ಸುರಿದು ಹೀರಿಸಿ ಗುಡಿಸಬೇಕು. ನೀರು ಮೊದಲೇ ಬಿದ್ದರೆ ಎಣ್ಣೆ ಇನ್ನಷ್ಟು ಹರಡುತ್ತದೆ. ಬಳಿಕ ಸೀಟು, ಹಾಸು, ಹಾಸಿಗೆಗಳನ್ನೆಲ್ಲ ಹೊರಗೆ ತೆಗೆದು, ಹಲಗೆಗಳನ್ನು ಸೋಪು ಬೆರೆಸಿದ ಬಿಸಿನೀರಿನಿಂದ ಉಜ್ಜಿ, ಎರಡು ಬಾಗಿಲುಗಳನ್ನೂ ತೆರೆದು ಬಿಸಿಲು ಗಾಳಿಗಳಿಗೆ ಬಿಡಬೇಕು. ಎಣ್ಣೆ ಆಳವಾಗಿ ಕುಡಿದ ನಾರನ್ನೂ ಗೋಣಿಯನ್ನೂ ಬಿಸಾಡುವುದೇ ಮೇಲು. ಕೊನೆಗೆ ಇದ್ದಿಲಿನ ತುಂಡುಗಳನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಕ್ಯಾಬಿನ್ನಿನಲ್ಲಿರಿಸಿದರೆ ಉಳಿದ ಆವಿಯನ್ನು ಅದು ತಕ್ಕಮಟ್ಟಿಗೆ ಸೆಳೆದುಕೊಳ್ಳುತ್ತದೆ. ಇದ್ದಿಲಿನ ಒಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿದ್ದು, ಅವುಗಳ ಮೈಗೆ ತೈಲದ ಅಣುಗಳು ಅಂಟಿಕೊಂಡು ನಿಲ್ಲುತ್ತವೆ. ಇದೇ ತತ್ತ್ವವನ್ನು ಅವಲಂಬಿಸಿ, ಟ್ಯಾಂಕಿನಿಂದೇಳುವ ಪೆಟ್ರೋಲಿನ ಆವಿಯನ್ನು ಹಿಡಿದಿಟ್ಟು ಮತ್ತೆ ಎಂಜಿನ್ನಿಗೆ ಒಪ್ಪಿಸುವ ಇದ್ದಿಲಿನ ಡಬ್ಬಿಯನ್ನು 1970ರಲ್ಲಿ ಕ್ಯಾಲಿಫೋರ್ನಿಯದಲ್ಲಿಯೂ 1971ರಲ್ಲಿ ಅಮೆರಿಕದಾದ್ಯಂತವೂ ಕಾರುಗಳಿಗೆ ಅಳವಡಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲಿನ ಸ್ಥಾನವನ್ನು ತುಂಬಿದ ವಸ್ತು ಮೂರು ದಶಕಗಳ ಅನಂತರ ಪೆಟ್ರೋಲಿನ ಕಾವಲುಗಾರನಾಯಿತು.

ಆದರೆ ಈ ಪರಿಹಾರಗಳೆಲ್ಲಕ್ಕೂ ಮೊದಲಿನದು ಸೋರುವ ಮೂಲವನ್ನು ಹುಡುಕುವುದು. ಇದನ್ನು ಬಿಟ್ಟು ವಾಸನೆಯನ್ನು ಮುಚ್ಚಲು ಹೊರಡುವುದು ತನಗೆ ತಾನೇ ಮಾಡಿಕೊಳ್ಳುವ ದ್ರೋಹ. ಲಾರಿಯಲ್ಲಿ ದೇವರ ಪಟಕ್ಕೆ ಊದುಬತ್ತಿ ಹಚ್ಚುವುದು ನಮ್ಮ ಡ್ರೈವರರ ಭಕ್ತಿಯ ಸುಂದರವಾದ ಆಚರಣೆ. ಅದು ಶುದ್ಧವಾದ ಗಾಳಿಯಲ್ಲಿ ನಡೆಯಬೇಕಾದ ಪೂಜೆಯೇ ಹೊರತು, ಪೆಟ್ರೋಲಿನ ಆವಿ ನಿಂತ ಕ್ಯಾಬಿನ್ನಿನಲ್ಲಿ ಕಿಡಿಯನ್ನು ತರುವ ಹೊತ್ತಲ್ಲ. ಮೂಗಿಗೂ ಒಂದು ದೌರ್ಬಲ್ಯವುಂಟು: ಒಂದೇ ವಾಸನೆಯಲ್ಲಿ ಬಹಳ ಹೊತ್ತು ಕುಳಿತರೆ ಅದು ದಣಿದು ಆ ವಾಸನೆಯನ್ನು ಗ್ರಹಿಸುವುದನ್ನೇ ಬಿಡುತ್ತದೆ. ಹೀಗಾಗಿ ಚಹಾ ಕುಡಿದು ಹೊರಗಿನಿಂದ ಬಂದ ಕ್ಲೀನರನಿಗೆ ತಿಳಿದುದು, ಒಳಗೇ ಕುಳಿತಿದ್ದ ಡ್ರೈವರನಿಗೆ ತಿಳಿಯದಿರಬಹುದು. ಹಿರಿಯ ಡ್ರೈವರನೆಷ್ಟೇ ನುರಿತವನಾದರೂ ಆ ಹುಡುಗನ ಮಾತನ್ನು ತಳ್ಳಿಹಾಕಬಾರದು.

ಈಗ ಕಾಲ ಮತ್ತೆ ಹೊರಳಿದೆ. ಹಿಂದೆ ನೂರಕ್ಕೆ ಒಂದರಷ್ಟು ಗಂಧಕವನ್ನು ಹೊತ್ತಿರಬಹುದಾಗಿದ್ದ ನಮ್ಮ ಡೀಸೆಲಿನಲ್ಲಿ, 2020ರ ಏಪ್ರಿಲ್ 1ರಿಂದ ಅದರ ಮಿತಿ ಹತ್ತು ಲಕ್ಷಕ್ಕೆ 10 ಭಾಗ; ವಾಸನೆ ಮೊದಲಿನಷ್ಟು ತೀಕ್ಷ್ಣವಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂದು ಕೇಂದ್ರ ಸರ್ಕಾರ ವಿಧಿಸಿದೆ. ಬೇಸಿಗೆಯಲ್ಲಿ ಎಂಜಿನ್ನಿನ ಪಕ್ಕ ಬೆಂದ ತಲೆಮಾರುಗಳ ದುಡಿಮೆಗೆ ಸಂದ ತಡವಾದ ಗೌರವ ಇದು, ಹೃತ್ಪೂರ್ವಕವಾಗಿ ಸ್ವಾಗತಿಸಬೇಕಾದುದು. ಅದರೊಡನೆಯೇ ನೆನಪಿಡಬೇಕಾದ ಮಾತೊಂದಿದೆ: ಗಾಜುಗಳನ್ನು ಏರಿಸಿ ಒಳಗಿನ ಗಾಳಿಯನ್ನೇ ತಿರುತಿರುಗಿಸುವ ಕ್ಯಾಬಿನ್ನಿನಲ್ಲಿ ಸಣ್ಣ ಸೋರಿಕೆಯೂ ಹಿಂದಿನ ಬಿರುಕು ಹಲಗೆಯ ಕ್ಯಾಬಿನ್ನಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಶತಮಾನಕ್ಕೂ ಮಿಗಿಲಾದ ಈ ಚರಿತ್ರೆಯಲ್ಲಿ ಟ್ಯಾಂಕು ಆಸನದಡಿಯಿಂದ ಹೊರಕ್ಕೆ ಹೋದುದೂ, ಎಂಜಿನ್ನು ಗೋಡೆಯ ಆಚೆಗೆ ಸರಿದುದೂ, ಆವಿಗೆ ಇದ್ದಿಲಿನ ಬೋನು ಬಂದುದೂ ವಾಸನೆಯನ್ನು ದೂರೆಂದು ತಿಳಿಯದೆ ಸಾಕ್ಷ್ಯವೆಂದು ಪರಿಗಣಿಸಿದವರ ವಿವೇಕದಿಂದ. ಆ ವಿವೇಕ ಲಾರಿಯ ಮಾಲೀಕರಲ್ಲಿಯೂ ಇರಬೇಕು. ಕ್ಯಾಬಿನ್ನಿನಲ್ಲಿ ಡೀಸೆಲಿನ ವಾಸನೆ ಬರುತ್ತಿದೆಯೆಂದು ಡ್ರೈವರನು ಹೇಳಿದ ದಿನ ಸರಕು ತಲುಪುವುದು ತಡವಾದರೂ ಚಿಂತೆಯಿಲ್ಲ, ಲಾರಿ ಷೆಡ್ಡಿಗೆ ಹೋಗಬೇಕು, ಮತ್ತು ಆ ಒಂದು ದಿನದ ಬಾಟಾ ಅವನಿಗೆ ತಪ್ಪದೆ ಸಲ್ಲಬೇಕು. ಹಾಗೆ ಸಲ್ಲುವ ಭರವಸೆಯಿದ್ದಾಗ ಮಾತ್ರ ಅವನು ಮುಂದಿನ ಸಲವೂ ಬಾಯಿಬಿಟ್ಟು ಹೇಳುತ್ತಾನೆ.